ಮೆಟ್ರೊ ನಡುದಾರಿಯಲ್ಲಿ ನಿಂತಾಗ: ಯಾವ ಕರೆಂಟ್ ಹೋಗಿದೆ ಎಂದು ಲಕ್ಷಣ ನೋಡಿ ತಿಳಿಯುವ ಬಗೆ

ಎರಡು ನಿಲ್ದಾಣಗಳ ನಡುವೆ ಮೆಟ್ರೊ ರೈಲು ನಿಂತೊಡನೆ ಬೋಗಿಯೊಳಗೆ ಕೇಳಿಬರುವ ಮೊದಲ ಮಾತು "ಕರೆಂಟ್ ಹೋಗಿರಬೇಕು" ಎಂಬುದು. ಎಷ್ಟೋ ಸಲ ಆ ಊಹೆ ತಪ್ಪು. ಸರಿಯಾಗಿದ್ದಾಗಲೂ ಅದು ಅರ್ಧ ಉತ್ತರ ಮಾತ್ರ. ಮೆಟ್ರೊಗೆ ಬರುವ ವಿದ್ಯುತ್ತು ಒಳಗೆ ಬಂದ ಮೇಲೆ ಬೇರೆಬೇರೆ ಕವಲುಗಳಾಗಿ ಒಡೆಯುತ್ತದೆ. ಒಂದು ಕವಲು ಸತ್ತಾಗ ಉಳಿದವು ಏನೂ ಆಗದಂತೆ ಕೆಲಸ ಮಾಡುತ್ತಿರುತ್ತವೆ. ಯಾವ ಕವಲು ಕೈಕೊಟ್ಟಿದೆ ಎಂಬುದನ್ನು ಕುಳಿತಲ್ಲಿಂದಲೇ, ಕಣ್ಣು ಕಿವಿಗಳ ನೆರವಿನಿಂದ ಬಹುಮಟ್ಟಿಗೆ ಹೇಳಬಹುದು. ಈ ಕೈಪಿಡಿಯನ್ನು ಪ್ರಯಾಣಿಕರನ್ನೂ ನಿಲ್ದಾಣಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಉದಾಹರಣೆಗೆ ಬೆಂಗಳೂರಿನ ನಮ್ಮ ಮೆಟ್ರೊವನ್ನು ಇಟ್ಟುಕೊಂಡಿದ್ದೇನೆ; ಬೇರೆ ಊರುಗಳ ವ್ಯವಸ್ಥೆ ಎಲ್ಲಿ ಭಿನ್ನವೋ ಅಲ್ಲಿ ಅದನ್ನು ಹೇಳಿದ್ದೇನೆ.

ಮೊದಲು ವಿದ್ಯುತ್ತಿನ ದಾರಿ ತಿಳಿದಿರಬೇಕು. ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನಿಂದ 66 ಕಿಲೋವೋಲ್ಟ್‌ನಲ್ಲಿ ಬರುವ ವಿದ್ಯುತ್ತನ್ನು ಮೆಟ್ರೊದ ಸ್ವೀಕರಣಾ ಉಪಕೇಂದ್ರಗಳು 33 ಕಿಲೋವೋಲ್ಟ್‌ಗೆ ಇಳಿಸಿ, ಮಾರ್ಗದುದ್ದಕ್ಕೂ ಹಾಸಿರುವ ಕೇಬಲ್‌ಗಳಿಗೆ ಕೊಡುತ್ತವೆ. ಅಲ್ಲಿಂದ ಒಂದು ಕವಲು ಎಳೆತದ ಉಪಕೇಂದ್ರಗಳಿಗೆ ಹೋಗಿ, ಟ್ರಾನ್ಸ್‌ಫಾರ್ಮರ್ ಮತ್ತು ರೆಕ್ಟಿಫೈಯರ್‌ಗಳ ಮೂಲಕ 750 ವೋಲ್ಟ್‌ನ ನೇರ ವಿದ್ಯುತ್ತಾಗಿ ಮಾರ್ಪಟ್ಟು, ಹಳಿಗಳ ಪಕ್ಕದಲ್ಲಿರುವ ಮೂರನೇ ಹಳಿಗೆ ಸೇರುತ್ತದೆ. ರೈಲು ಓಡುವುದು ಇದರಿಂದ. ಇನ್ನೊಂದು ಕವಲು 415 ವೋಲ್ಟ್‌ಗೆ ಇಳಿದು ನಿಲ್ದಾಣದ ದೀಪ, ಎಸ್ಕಲೇಟರ್, ಲಿಫ್ಟ್, ಪಂಪು, ಫ್ಯಾನುಗಳನ್ನು ನಡೆಸುತ್ತದೆ. ಮೂರನೆಯದು ಬ್ಯಾಟರಿಗಳ ಕವಲು: ಸಿಗ್ನಲ್, ದೂರವಾಣಿ ಮತ್ತು ತುರ್ತು ದೀಪಗಳಿಗಾಗಿ ನಿಲ್ದಾಣದಲ್ಲಿ ಯುಪಿಎಸ್ ಇರುತ್ತದೆ, ರೈಲಿನ ಕೆಳಗೆ ಅದರದೇ ಬ್ಯಾಟರಿ ಇರುತ್ತದೆ.

ಒಂದು ಎಚ್ಚರಿಕೆಯನ್ನು ಮುಂದೂಡದೆ ಇಲ್ಲೇ ಹೇಳಿಬಿಡಬೇಕು. ಬೋಗಿಯಲ್ಲಿ ಕತ್ತಲಾಯಿತೆಂದ ಮಾತ್ರಕ್ಕೆ ಮೂರನೇ ಹಳಿಯಲ್ಲಿ ವಿದ್ಯುತ್ ಇಲ್ಲವೆಂದು ತಿಳಿಯಬಾರದು. ಇಲ್ಲದಿದ್ದರೂ ಅದು ಯಾವ ಮುನ್ಸೂಚನೆಯನ್ನೂ ಕೊಡದೆ ಮರುಕ್ಷಣದಲ್ಲಿ ವಾಪಸ್ ಬರಬಹುದು. ಈ ಕೈಪಿಡಿಯ ಯಾವ ಪರೀಕ್ಷೆಗೂ ಬೋಗಿಯಿಂದಾಗಲಿ ಪ್ಲಾಟ್‌ಫಾರ್ಮ್‌ನಿಂದಾಗಲಿ ಹಳಿಯ ಕಡೆಗೆ ಇಳಿಯಬೇಕಾಗಿಲ್ಲ.

ರೈಲು ನಿಂತಿದೆ, ಆದರೆ ದೀಪ, ಎಸಿ ಎಲ್ಲವೂ ಸರಿಯಾಗಿವೆ

ಇದು ವಿದ್ಯುತ್ ದೋಷವಲ್ಲ. ರೈಲಿನ ಎಸಿಗೆ ಬೇಕಾದ ವಿದ್ಯುತ್ತು ಮೂರನೇ ಹಳಿಯಿಂದಲೇ ಬರಬೇಕು. ಬ್ಯಾಟರಿಗೆ ಎಸಿಯ ಕಂಪ್ರೆಸರ್ ನಡೆಸುವ ಶಕ್ತಿ ಇಲ್ಲ. ಆದ್ದರಿಂದ ತಲೆಯ ಮೇಲಿನ ಕಿಂಡಿಗಳಿಂದ ತಣ್ಣನೆಯ ಗಾಳಿ ಬರುತ್ತಿದ್ದರೆ ಎಳೆತದ ಕವಲು ಜೀವಂತವಾಗಿದೆಯೆಂದೇ ಅರ್ಥ. ಕೈ ಎತ್ತಿ ಗಾಳಿಯ ತಂಪನ್ನು ನೋಡುವುದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಇಂಥ ನಿಲುಗಡೆಗೆ ಸಾಮಾನ್ಯ ಕಾರಣಗಳು ಮುಂದಿನ ರೈಲು ನಿಲ್ದಾಣ ಬಿಡದಿರುವುದು, ಸಿಗ್ನಲ್ ದೋಷ, ಯಾವುದೋ ಒಂದು ಬಾಗಿಲು ಪೂರ್ತಿ ಮುಚ್ಚಿಕೊಳ್ಳದಿರುವುದು. ಎರಡು ಬಾಗಿಲುಗಳ ನಡುವೆ ಸಿಕ್ಕಿಕೊಂಡ ಬ್ಯಾಗಿನ ಪಟ್ಟಿಯೊಂದು ಸಾಕು, ರೈಲು ಕದಲುವುದಿಲ್ಲ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗದಲ್ಲಿ ರೈಲು ಮತ್ತು ನಿಯಂತ್ರಣ ಕೇಂದ್ರದ ನಡುವೆ ರೇಡಿಯೊ ಸಂಪರ್ಕ ಸದಾ ಇರಬೇಕು; ಅದು ತಪ್ಪಿದರೆ ರೈಲು ತಾನಾಗಿ ನಿಲ್ಲುವಂತೆ ವ್ಯವಸ್ಥೆ ಮಾಡಿರುತ್ತಾರೆ. ಪ್ರಯಾಣಿಕರು ಇಲ್ಲಿ ಕಾಯುವುದನ್ನು ಬಿಟ್ಟು ಮಾಡಬೇಕಾದ್ದೇನೂ ಇಲ್ಲ.

ಎಸಿ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು, ಅಥವಾ ದೀಪ ಮಿಟುಕಿತು

ರೈಲು ಓಡುತ್ತಿರುವಾಗಲೇ ಹೀಗಾದರೆ ಬಹುತೇಕ ಅದು ದೋಷವಲ್ಲ, ವ್ಯವಸ್ಥೆಯ ಸ್ವಭಾವ. ಹಳಿಗಳು ಕವಲೊಡೆಯುವ ಅಥವಾ ಒಂದನ್ನೊಂದು ದಾಟುವ ಕಡೆಗಳಲ್ಲಿ ಮೂರನೇ ಹಳಿಯನ್ನು ಎಡೆಬಿಡದೆ ಹಾಸಲು ಬರುವುದಿಲ್ಲ. ಅಲ್ಲಿ ಅದು ಕೊನೆಗೊಂಡು ಸ್ವಲ್ಪ ದೂರದ ನಂತರ, ಕೆಲವೊಮ್ಮೆ ಇನ್ನೊಂದು ಬದಿಯಲ್ಲಿ, ಮತ್ತೆ ಶುರುವಾಗುತ್ತದೆ. ಪ್ಲಾಟ್‌ಫಾರ್ಮ್‌ನ ಅಂಚಿನ ಹಳದಿ ಗೆರೆಯ ಹಿಂದೆಯೇ ನಿಂತು ಎದುರು ಬದಿಯನ್ನು ನೋಡಿದರೆ, ಹಳಿಯ ಪಕ್ಕದಲ್ಲಿ ತುಸು ಎತ್ತರದಲ್ಲಿ ಹೊದಿಕೆ ಹೊದ್ದ ಉದ್ದನೆಯ ಪಟ್ಟಿಯೊಂದು ಕಾಣುತ್ತದೆ. ಆ ಹೊದಿಕೆಯೊಳಗಿರುವುದೇ ಮೂರನೇ ಹಳಿ. ನಮ್ಮ ಮೆಟ್ರೊದಲ್ಲಿ ವಿದ್ಯುತ್ ಹೀರುವ ಲೋಹದ ಶೂ ಅದರ ಕೆಳಮೈಗೆ, ಕೆಳಗಿನಿಂದ ಮೇಲಕ್ಕೆ ಒತ್ತಿಕೊಂಡು ಜಾರುತ್ತದೆ. ಹಳಿಯ ತುದಿಗಳನ್ನು ತುಸು ಓರೆಯಾಗಿಸಿರುವುದು ಆ ಶೂ ಮೆಲ್ಲನೆ ಬಿಟ್ಟು ಮೆಲ್ಲನೆ ಸೇರಿಕೊಳ್ಳಲೆಂದೇ. ಆರು ಬೋಗಿಗಳ ಉದ್ದದಲ್ಲಿ ಹಲವು ಶೂಗಳಿರುವುದರಿಂದ ಒಂದು ಬಿಟ್ಟಾಗ ಇನ್ನೊಂದು ಹಿಡಿದಿರುತ್ತದೆ, ಹಾಗಾಗಿ ದೀಪ ಆರುವುದು ಅಪರೂಪ. ಎಸಿಯ ಕಂಪ್ರೆಸರ್ ಮಾತ್ರ ಸೂಕ್ಷ್ಮ, ಒಮ್ಮೆ ತಡವರಿಸಿದರೆ ಮತ್ತೆ ಶುರುವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಮುಂಬೈ ಲೋಕಲ್ ರೈಲುಗಳಲ್ಲಿ ಓಡಾಡಿದ ಕನ್ನಡಿಗರಿಗೆ ಇದರ ಇನ್ನೊಂದು ರೂಪ ಗೊತ್ತಿರುತ್ತದೆ. ಅಲ್ಲಿ ತಲೆಯ ಮೇಲಿನ ತಂತಿಯಲ್ಲಿ 25 ಕಿಲೋವೋಲ್ಟ್ ಪರ್ಯಾಯ ವಿದ್ಯುತ್ತು ಹರಿಯುತ್ತದೆ. ಒಂದು ಉಪಕೇಂದ್ರದ ವಿದ್ಯುತ್ತು ಮುಗಿದು ಇನ್ನೊಂದರದ್ದು ಶುರುವಾಗುವ ಕಡೆ ನ್ಯೂಟ್ರಲ್ ಸೆಕ್ಷನ್ ಎಂಬ ನಿರ್ಜೀವ ತುಣುಕು ಇರುತ್ತದೆ. ರೈಲು ತನ್ನ ವೇಗದಲ್ಲೇ ಅದನ್ನು ದಾಟುವ ಕೆಲವು ಸೆಕೆಂಡುಗಳ ಕಾಲ ದೀಪ, ಫ್ಯಾನು ಆರುತ್ತವೆ. ದಿನವೂ ಅದೇ ಜಾಗದಲ್ಲಿ ಆದರೆ ಅದು ಸಹಜ. ಬೇರೆಬೇರೆ ಜಾಗಗಳಲ್ಲಿ, ಒಂದೇ ಬೋಗಿಯಲ್ಲಿ ಮತ್ತೆಮತ್ತೆ ಆಗುತ್ತಿದ್ದರೆ ಆ ಬೋಗಿಯ ಸಂಪರ್ಕ ಸಡಿಲವಾಗಿರಬಹುದು. ಬೋಗಿಯ ಸಂಖ್ಯೆಯನ್ನು ಬರೆದುಕೊಂಡು ಇಳಿಯುವ ನಿಲ್ದಾಣದ ಸಿಬ್ಬಂದಿಗೆ ತಿಳಿಸಿದರೆ ಡಿಪೊದಲ್ಲಿ ಹುಡುಕುವವರ ಕೆಲಸ ಹಗುರವಾಗುತ್ತದೆ.

ಎಸ್ಕಲೇಟರ್ ನಿಂತಿದೆ, ನಿಲ್ದಾಣ ಮಬ್ಬಾಗಿದೆ, ಆದರೆ ರೈಲುಗಳು ಬರುತ್ತಿವೆ

ಇದು ಎರಡನೆಯ ಕವಲಿನ ದೋಷ. ನಿಲ್ದಾಣದ ಉಪಕೇಂದ್ರದ ಒಂದು ಟ್ರಾನ್ಸ್‌ಫಾರ್ಮರ್ ಅಥವಾ ಬ್ರೇಕರ್ ಟ್ರಿಪ್ ಆಗಿರುತ್ತದೆ, ಅಂದರೆ ತಾನಾಗಿ ಕಡಿದುಕೊಂಡಿರುತ್ತದೆ. (ಬ್ರೇಕರ್ ಎಂದರೆ ದೋಷ ಕಂಡೊಡನೆ ವಿದ್ಯುತ್ ಕಡಿಯುವ ಸ್ವಿಚ್ಚು; ಅದು ತೆರೆದುಕೊಂಡರೆ ವಿದ್ಯುತ್ ನಿಲ್ಲುತ್ತದೆ, ಮುಚ್ಚಿಕೊಂಡರೆ ಹರಿಯುತ್ತದೆ.) ಆಗ ಮುಖ್ಯವಲ್ಲದ ಹೊರೆಗಳನ್ನು, ಅಂದರೆ ಎಸ್ಕಲೇಟರ್, ಜಾಹೀರಾತು ಫಲಕ, ಅಂಗಡಿಗಳ ಸಂಪರ್ಕ ಮುಂತಾದವನ್ನು ಮೊದಲು ಕೈಬಿಟ್ಟು, ದೀಪಗಳಲ್ಲಿ ಒಂದು ಪಾಲನ್ನು, ಟಿಕೆಟ್ ಗೇಟುಗಳನ್ನು ಮತ್ತು ಪ್ರಕಟಣೆಯ ಧ್ವನಿವರ್ಧಕಗಳನ್ನು ಉಳಿಸಿಕೊಳ್ಳುತ್ತಾರೆ. ಹೊರಗೆ ಡೀಸೆಲ್ ಜನರೇಟರಿನ ಗುಡುಗು ಕೇಳಿಸುತ್ತಿದ್ದರೆ ಊಹೆ ಖಚಿತವಾಯಿತೆಂದು ತಿಳಿಯಬಹುದು.

"ಜನರೇಟರ್ ಇದೆಯಲ್ಲ, ರೈಲು ಓಡಿಸಬಾರದೇ" ಎಂದು ಕೇಳುವವರು ಬಹಳ ಮಂದಿ ಇದ್ದಾರೆ. ನಿಲ್ದಾಣದ ಜನರೇಟರ್ ಇರುವುದು ಜನರು ಸುರಕ್ಷಿತವಾಗಿ ಹೊರಬರಲಿ ಎಂಬುದಕ್ಕಾಗಿ. ರೈಲು ವೇಗ ಹಿಡಿಯುವ ಹೊತ್ತಿಗೆ 3 ಮೆಗಾವ್ಯಾಟ್ ಬೇಡುತ್ತದೆಂದು ಇಟ್ಟುಕೊಂಡರೆ 750 ವೋಲ್ಟ್‌ನಲ್ಲಿ ಅದು 4,000 ಆಂಪಿಯರ್ ಆಗುತ್ತದೆ. ಅಷ್ಟನ್ನು ಕೊಡಲು ನಿಲ್ದಾಣದ ಜನರೇಟರಿಗೆ ಸಾಧ್ಯವೂ ಇಲ್ಲ, ಮೂರನೇ ಹಳಿಗೆ ಅದರ ಸಂಪರ್ಕವೂ ಇರುವುದಿಲ್ಲ.

ಇಲ್ಲಿ ಪ್ರಯಾಣಿಕರಿಗೆ ಒಂದೇ ಸಲಹೆ: ಲಿಫ್ಟ್ ಬಳಸಬೇಡಿ. ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದರೆ ಬಾಗಿಲನ್ನು ಬಲವಂತವಾಗಿ ತೆರೆಯಲು ಹೋಗದೆ ಸ್ಟೇಷನ್ ಕಂಟ್ರೋಲರ್‌ಗೆ ತಿಳಿಸಿ.

ಎಸಿ ಸದ್ದಡಗಿದೆ, ಕೆಲವೇ ದೀಪಗಳು ಉರಿಯುತ್ತಿವೆ

ನಿಜವಾಗಿಯೂ ಪರೀಕ್ಷಿಸಿ ನೋಡಬೇಕಾದ ಲಕ್ಷಣ ಇದು. ಎಸಿ ನಿಂತಾಗ ಬೋಗಿಯೊಳಗೆ ಒಂದು ಬಗೆಯ ಮೌನ ಹರಡುತ್ತದೆ. ಅದುವರೆಗೆ ಕಿವಿಗೆ ಬೀಳದಿದ್ದ ಪಕ್ಕದವರ ಫೋನ್ ಮಾತು ಸ್ಪಷ್ಟವಾಗಿ ಕೇಳತೊಡಗುತ್ತದೆ. ದೀಪಗಳಲ್ಲಿ ಒಂದು ಭಾಗ ಆರಿ, ಉಳಿದವು ಬ್ಯಾಟರಿಯಿಂದ ಉರಿಯುತ್ತಿರುತ್ತವೆ. ಭಾರತದ ಮೆಟ್ರೊ ರೈಲುಗಳಲ್ಲಿ ಈ ಬ್ಯಾಟರಿ ಸಾಮಾನ್ಯವಾಗಿ 110 ವೋಲ್ಟ್‌ನದು. ತುರ್ತು ದೀಪ, ಹೊರಗಾಳಿ ತರುವ ಫ್ಯಾನು, ಪ್ರಕಟಣೆ ಮತ್ತು ಮಾತುಕತೆಯ ವ್ಯವಸ್ಥೆಯನ್ನು ಅದು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ನಡೆಸಬಲ್ಲದು. ಹಾಗಾಗಿ ಉಸಿರಾಡಲು ಗಾಳಿ ಸಾಲದೆಂಬ ಆತಂಕಕ್ಕೆ ಕಾರಣವಿಲ್ಲ, ಸೆಕೆ ಮಾತ್ರ ಆಗುತ್ತದೆ.

ಮೊದಲ ಪ್ರಶ್ನೆ, ಈ ದೋಷ ನಮ್ಮ ರೈಲಿಗೆ ಮಾತ್ರವೋ, ಇಡೀ ಮಾರ್ಗಕ್ಕೋ ಎಂಬುದು. ಕಿಟಕಿಯಿಂದ ಪಕ್ಕದ ಹಳಿಯನ್ನು ಗಮನಿಸಿ. ಎರಡು ದಿಕ್ಕುಗಳ ಮೂರನೇ ಹಳಿಗಳಿಗೂ ಬೇರೆಬೇರೆ ಬ್ರೇಕರ್‌ಗಳಿಂದ ವಿದ್ಯುತ್ ಹೋಗುವುದರಿಂದ, ಎದುರಿನಿಂದ ರೈಲೊಂದು ಎಂದಿನ ವೇಗದಲ್ಲಿ ಬಂದು ಹೋದರೆ ಉಪಕೇಂದ್ರ ಸರಿಯಾಗಿದೆ, ದೋಷ ನಮ್ಮ ಹಳಿಯ ಈ ಭಾಗದ್ದು ಅಥವಾ ನಮ್ಮ ರೈಲಿನದ್ದು ಎಂದು ತಿಳಿಯಬೇಕು. ಅತ್ತಲೂ ರೈಲು ಬಾರದೆ, ಹತ್ತಿರದ ನಿಲ್ದಾಣದಲ್ಲಿ ದೀಪಗಳು ಮಾತ್ರ ಉರಿಯುತ್ತಿರುವುದು ಕಂಡರೆ ಎರಡೂ ಕಡೆಯ ಎಳೆತದ ಕವಲು ಹೋಗಿದೆ.

ದೋಷ ರೈಲಿನದ್ದೇ ಆಗಿದ್ದರೆ ಶೂ ಮುರಿದಿರಬಹುದು, ಅದರ ಫ್ಯೂಸ್ ಸುಟ್ಟಿರಬಹುದು, ಇಲ್ಲವೇ ರೈಲಿನೊಳಗಿನ ಬ್ರೇಕರ್ ತೆರೆದುಕೊಂಡಿರಬಹುದು. ರೈಲು ನಡೆಸುವವರು ಒಂದೆರಡು ಬಾರಿ ಮರುಹೊಂದಿಸಿ ನೋಡುತ್ತಾರೆ, ಕೆಟ್ಟ ಬೋಗಿಯ ಮೋಟಾರುಗಳನ್ನು ಬೇರ್ಪಡಿಸಿ ಉಳಿದವುಗಳಿಂದ ಮುಂದಿನ ನಿಲ್ದಾಣಕ್ಕೆ ತಲುಪಿಸಲು ಯತ್ನಿಸುತ್ತಾರೆ. ಅದೂ ಆಗದಿದ್ದರೆ ಹಿಂದಿನಿಂದ ಇನ್ನೊಂದು ರೈಲನ್ನು ತಂದು ಜೋಡಿಸಿ ತಳ್ಳಬೇಕು. ಈ ಕೊನೆಯದು ನಿಧಾನದ ಕೆಲಸ.

ದೋಷ ಮಾರ್ಗದ್ದಾಗಿದ್ದರೆ ಅದರ ತಪಾಸಣೆ ನಡೆಯುವುದು ಬೈಯಪ್ಪನಹಳ್ಳಿಯಂಥ ನಿಯಂತ್ರಣ ಕೇಂದ್ರದಲ್ಲಿ. ಅಲ್ಲಿ ಏನಾಗುತ್ತದೆಂದು ತಿಳಿದಿದ್ದರೆ ಕಾಯುವವರಿಗೆ ಹೊತ್ತಿನ ಅಂದಾಜು ಸಿಗುತ್ತದೆ. ನೇರ ವಿದ್ಯುತ್ತಿನ ಬ್ರೇಕರ್ ತೆರೆದುಕೊಂಡ ಮೇಲೆ ಸುಮ್ಮನೆ ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಮೊದಲು ಒಂದು ರೆಸಿಸ್ಟರ್ ಮೂಲಕ ಅತ್ಯಲ್ಪ ವಿದ್ಯುತ್ತನ್ನು ಹಳಿಗೆ ಕಳಿಸಿ, ಅದು ನೆಲಕ್ಕೆ ಸೋರಿಹೋಗುತ್ತಿದೆಯೇ ಎಂದು ನೋಡುತ್ತದೆ. ಹಳಿ ಸ್ವಚ್ಛವಾಗಿದೆ ಎಂದು ಕಂಡರೆ ಮಾತ್ರ ಮುಚ್ಚಿಕೊಳ್ಳುತ್ತದೆ. ಹಾರಿ ಬಂದ ಕಸವೊಂದು ತಾಗಿ, ಉರಿದು ಬಿದ್ದುಹೋದ ಸಂದರ್ಭದಲ್ಲಿ ಇಷ್ಟರಲ್ಲೇ ಎಲ್ಲ ಮುಗಿದು, ಒಂದು ನಿಮಿಷ ಕಳೆಯುವುದರೊಳಗೆ ಎಸಿ ಮತ್ತೆ ಗುನುಗುತ್ತದೆ. ದೋಷ ಅಲ್ಲೇ ಇದ್ದರೆ ಬ್ರೇಕರ್ ಹಟ ಹಿಡಿದು ತೆರೆದೇ ಇರುತ್ತದೆ. ಆಗ ನಿಯಂತ್ರಣ ಕೇಂದ್ರದವರು, ನಾಲೆಯ ತೂಬುಗಳನ್ನು ಒಂದೊಂದಾಗಿ ಇಳಿಸಿ ಎಲ್ಲಿ ಏರಿ ಒಡೆದಿದೆ ಎಂದು ಹುಡುಕುವ ನೀರಗಂಟಿಯ ಹಾಗೆ, ಮಾರ್ಗವನ್ನು ತುಂಡುತುಂಡಾಗಿ ಬೇರ್ಪಡಿಸಿ ದೋಷವಿರುವ ತುಂಡನ್ನು ಒಂಟಿಯಾಗಿಸುತ್ತಾರೆ. ಅದಾದ ಮೇಲೆ ಸಿಬ್ಬಂದಿ ಹಳಿಯ ಗುಂಟ ನಡೆದು ಕಣ್ಣಾರೆ ನೋಡಲೇಬೇಕು. ಯಾವ ಕಂಪ್ಯೂಟರ್ ಪರದೆಯೂ ಈ ನಡಿಗೆಯನ್ನು ತಪ್ಪಿಸಿಲ್ಲ. ಹತ್ತು ನಿಮಿಷ ಕಳೆದರೂ ಎಸಿ ಬಾರದಿದ್ದರೆ ಈ ಹಂತ ಶುರುವಾಗಿದೆಯೆಂದು ಊಹಿಸಿ, ಮನೆಗೋ ಕಚೇರಿಗೋ ತಡವಾಗುತ್ತದೆಂದು ತಿಳಿಸಿಬಿಡುವುದು ಒಳ್ಳೆಯದು.

ಬೆಂಗಳೂರಿನ ಎತ್ತರಿಸಿದ ಮಾರ್ಗಗಳಲ್ಲಿ ಮಳೆಗಾಲದ ಮುಖ್ಯ ಶಂಕಿತ ಮರ. 2024ರ ಜೂನ್ 2ರ ಸಂಜೆ ಭಾರೀ ಮಳೆ ಸುರಿದಾಗ ಟ್ರಿನಿಟಿ ಮತ್ತು ಎಂ.ಜಿ. ರಸ್ತೆ ನಿಲ್ದಾಣಗಳ ನಡುವೆ ನೇರಳೆ ಮಾರ್ಗದ ಮೇಲೆ ಮರ ಬಿದ್ದು ಸಂಚಾರ ನಿಂತಿತ್ತು. ಉಪಕೇಂದ್ರದಲ್ಲಿ ಯಾವ ದೋಷವಿಲ್ಲದಿದ್ದರೂ ಇಂಥ ಸಮಯದಲ್ಲಿ ವಿದ್ಯುತ್ ತೆಗೆಯಲೇಬೇಕು, ಇಲ್ಲದಿದ್ದರೆ ಕೊಂಬೆ ಕಡಿಯುವವರು ಹಳಿಯ ಹತ್ತಿರ ಹೋಗುವಂತಿಲ್ಲ.

ಇನ್ನೊಂದು ಕಾರಣವಿದೆ, ಅದನ್ನು ದೋಷ ಎನ್ನಲಾಗದು. ಪ್ಲಾಟ್‌ಫಾರ್ಮ್‌ಗಳಲ್ಲಿ ಮೂರನೇ ಹಳಿಯ ವಿದ್ಯುತ್ತನ್ನು ತಕ್ಷಣ ಕಡಿಯುವ ತುರ್ತು ಟ್ರಿಪ್ ಗುಂಡಿಗಳಿರುತ್ತವೆ. 2024ರ ಹೊಸವರ್ಷದ ದಿನ ಇಂದಿರಾನಗರ ನಿಲ್ದಾಣದಲ್ಲಿ ಪ್ರಯಾಣಿಕರೊಬ್ಬರು ಬಿದ್ದ ಫೋನ್ ತೆಗೆದುಕೊಳ್ಳಲು ಹಳಿಗೆ ಇಳಿದಾಗ ಸಿಬ್ಬಂದಿ ವಿದ್ಯುತ್ ಕಡಿದು ಅವರ ಜೀವ ಉಳಿಸಿದರು; ಸಂಜೆಯ ದಟ್ಟಣೆಯಲ್ಲಿ ರೈಲುಗಳು ಸ್ವಲ್ಪ ಹೊತ್ತು ನಿಂತವು. ಎಲ್ಲೋ ದೂರದಲ್ಲಿ ನಿಂತ ರೈಲಿನಲ್ಲಿದ್ದವರಿಗೆ ಇದು ತಿಳಿಯುವ ಬಗೆ ಯಾವುದು? ಧ್ವನಿವರ್ಧಕದಲ್ಲಿ "ತಾಂತ್ರಿಕ ಕಾರಣಗಳಿಂದ" ಎಂಬ ಒಂದೇ ಸಿದ್ಧ ಮಾತನ್ನು ಎಲ್ಲಕ್ಕೂ ಬಳಸುವ ರೂಢಿ ಪ್ರಯಾಣಿಕರಿಗೆ ಏನನ್ನೂ ತಿಳಿಸುವುದಿಲ್ಲ. "ಹಳಿಯ ಮೇಲೆ ಒಬ್ಬರು ಇದ್ದಾರೆ, ವಿದ್ಯುತ್ ತೆಗೆದಿದ್ದೇವೆ" ಎಂದು ಹೇಳಿದರೆ ಬೋಗಿಯೊಳಗಿನ ಗೊಣಗಾಟ ಅಲ್ಲಿಗೇ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಫೋನ್ ಬಿದ್ದರೆ ಸಿಬ್ಬಂದಿಗೆ ಹೇಳಿ. ಅದನ್ನು ತೆಗೆದುಕೊಡುವ ಕ್ರಮ ಅವರಲ್ಲಿದೆ.

ನೆರವು ಕೇಳಬೇಕಾದ ಹೊತ್ತು: ಯಾರಿಗಾದರೂ ತಲೆಸುತ್ತು, ಎದೆನೋವು, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ಬಾಗಿಲ ಹತ್ತಿರದ ತುರ್ತು ಗುಂಡಿ ಒತ್ತಿ ರೈಲು ನಡೆಸುವವರೊಂದಿಗೆ ಮಾತಾಡಿ. ಆ ಸಂಪರ್ಕ ಬ್ಯಾಟರಿಯದ್ದು, ಕತ್ತಲಲ್ಲೂ ಕೆಲಸ ಮಾಡುತ್ತದೆ. ಬಾಗಿಲನ್ನು ಕೈಯಿಂದ ತೆರೆಯುವ ಹಿಡಿಯನ್ನು ಮಾತ್ರ ಸಿಬ್ಬಂದಿ ಹೇಳುವ ತನಕ ಮುಟ್ಟಬೇಡಿ.

ರೈಲು ಓಡುತ್ತಿದೆ, ಆದರೆ ಎಂದಿನ ವೇಗವಿಲ್ಲ

ದಟ್ಟಣೆಯ ಹೊತ್ತಿನಲ್ಲಿ ನಿಲ್ದಾಣ ಬಿಟ್ಟ ರೈಲು ಎಳೆಯಲಾರದೆ ಎಳೆಯುತ್ತಿದೆ ಅನಿಸಿದರೆ, ದಾರಿಯ ಒಂದು ಎಳೆತದ ಉಪಕೇಂದ್ರ ಕೆಲಸ ಬಿಟ್ಟಿದ್ದು, ಅದರ ಅಕ್ಕಪಕ್ಕದ ಉಪಕೇಂದ್ರಗಳು ನಡುವಿನ ಜಾಗಕ್ಕೂ ವಿದ್ಯುತ್ ಕೊಡುತ್ತಿರಬಹುದು. ದೂರ ಹೆಚ್ಚಿದಷ್ಟೂ ವೋಲ್ಟೇಜ್ ಕುಸಿಯುತ್ತದೆ. 750 ವೋಲ್ಟ್ ವ್ಯವಸ್ಥೆ 500ರಿಂದ 900 ವೋಲ್ಟ್‌ವರೆಗಿನ ಏರಿಳಿತದಲ್ಲಿ ಕೆಲಸ ಮಾಡುವಂತೆ ಅಂತರರಾಷ್ಟ್ರೀಯ ಮಾನಕಗಳಿವೆ. ಕೆಳಮಿತಿ ಹತ್ತಿರವಾದಂತೆ ರೈಲಿನ ನಿಯಂತ್ರಕ ತಾನಾಗಿ ಮೋಟಾರುಗಳ ಬೇಡಿಕೆಯನ್ನು ತಗ್ಗಿಸುತ್ತದೆ. ದೆಹಲಿ, ಚೆನ್ನೈ, ಹೈದರಾಬಾದ್‌ಗಳ 25 ಕಿಲೋವೋಲ್ಟ್ ಮೆಟ್ರೊಗಳಲ್ಲಿ ಈ ತೊಂದರೆ ಕಡಿಮೆ. ಮೇಲೆ ಹೇಳಿದ 3 ಮೆಗಾವ್ಯಾಟ್‌ಗೆ ಅಲ್ಲಿ 120 ಆಂಪಿಯರ್ ಸಾಕು, ಆದ್ದರಿಂದ ಉಪಕೇಂದ್ರಗಳನ್ನು ದೂರದೂರ ಇಡಬಹುದು. ನೇರ ವಿದ್ಯುತ್ತಿನ ಮಾರ್ಗದಲ್ಲಿ ಕೆಲವೇ ಕಿಲೋಮೀಟರಿಗೊಂದು ಬೇಕು. ಇದಕ್ಕೆ ಪ್ರತಿಯಾಗಿ ಮೂರನೇ ಹಳಿಯ ಮಾರ್ಗಕ್ಕೆ ಸುರಂಗ ಚಿಕ್ಕದಾದರೆ ಸಾಕು, ತಲೆಯ ಮೇಲೆ ತಂತಿಗಳ ಜಾಲವಿಲ್ಲ. ನಗರದ ನಡುವೆ ಹೋಗುವ ಮಾರ್ಗಕ್ಕೆ ಅದೂ ಲಾಭವೇ.

ಈ ಸ್ಥಿತಿಯಲ್ಲಿ ನಿಯಂತ್ರಣ ಕೇಂದ್ರ ರೈಲುಗಳ ನಡುವಿನ ಅಂತರ ಹೆಚ್ಚಿಸುತ್ತದೆ, ಎರಡು ರೈಲು ಒಟ್ಟಿಗೆ ಹೊರಡದಂತೆ ನೋಡಿಕೊಳ್ಳುತ್ತದೆ. ಪ್ರಯಾಣಿಕರಿಗೆ ಅಪಾಯವೇನಿಲ್ಲ.

ರೈಲು, ನಿಲ್ದಾಣ, ಊರು ಎಲ್ಲವೂ ಒಟ್ಟಿಗೆ ಕತ್ತಲಾದವು

ಎತ್ತರಿಸಿದ ಮಾರ್ಗದಲ್ಲಿ ನಿಂತ ರೈಲಿನಿಂದ ನೋಡಿದಾಗ ಸುತ್ತಲಿನ ಕಟ್ಟಡಗಳೂ ಟ್ರಾಫಿಕ್ ಸಿಗ್ನಲ್‌ಗಳೂ ಆರಿದ್ದರೆ ದೋಷ ಮೆಟ್ರೊದಿಂದ ಹೊರಗಿದೆ. ಒಂದು ಬಡಾವಣೆಯ ಕತ್ತಲು ಮೆಟ್ರೊವನ್ನು ಮುಟ್ಟುವುದಿಲ್ಲ, ಏಕೆಂದರೆ ಅದಕ್ಕೆ ಬೆಸ್ಕಾಂನ ಬೀದಿ ತಂತಿಯ ಹಂಗಿಲ್ಲ. 66 ಕಿಲೋವೋಲ್ಟ್‌ನ ಒಂದು ಲೈನ್ ಹೋದರೂ ಬದಲಿ ಲೈನ್ ಇರುತ್ತದೆ. ಒಂದು ಸ್ವೀಕರಣಾ ಉಪಕೇಂದ್ರವೇ ಕೈಕೊಟ್ಟರೆ ನೆರೆಯದು 33 ಕಿಲೋವೋಲ್ಟ್ ಕೇಬಲ್‌ನ ಮೂಲಕ ಅದರ ಭಾಗವನ್ನೂ ಹೊರುತ್ತದೆ. ಇಷ್ಟು ಏರ್ಪಾಟುಗಳನ್ನು ಮೀರಿ ಮೆಟ್ರೊ ನಿಂತಿತೆಂದರೆ ಪ್ರಸರಣ ಜಾಲದಲ್ಲೇ ದೊಡ್ಡದೇನೋ ಆಗಿದೆ.

2012ರ ಜುಲೈ 30ರ ನಸುಕಿನಲ್ಲಿ ಉತ್ತರದ ಗ್ರಿಡ್, ಅಂದರೆ ಉತ್ತರ ಭಾರತದ ರಾಜ್ಯಗಳನ್ನು ಬೆಸೆಯುವ ವಿದ್ಯುತ್ ಜಾಲ, ಕುಸಿಯಿತು. ಮರುದಿನ ಮಧ್ಯಾಹ್ನ 1 ಗಂಟೆ ಸುಮಾರಿಗೆ ಉತ್ತರ, ಪೂರ್ವ, ಈಶಾನ್ಯದ ಮೂರು ಗ್ರಿಡ್‌ಗಳೂ ಒಟ್ಟಿಗೆ ಬಿದ್ದವು. ಎರಡೂ ದಿನ ಸರಣಿಯ ಮೊದಲ ಕೊಂಡಿ ಬೀನಾ–ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ಮಾರ್ಗ ಟ್ರಿಪ್ ಆದದ್ದು. ದೆಹಲಿ ಮೆಟ್ರೊ ನಿಂತಿತು. ಸುರಂಗಗಳಲ್ಲಿ ಸಿಕ್ಕಿಕೊಂಡವರನ್ನು ಹೊರತರಬೇಕಾಯಿತು. ಆಗ ಬೆಂಗಳೂರಿನ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮಾತ್ರ ಓಡುತ್ತಿತ್ತು, ಅದಕ್ಕೆ ಏನೂ ಆಗಲಿಲ್ಲ. ದಕ್ಷಿಣದ ಗ್ರಿಡ್ ಆ ದಿನಗಳಲ್ಲಿ ದೇಶದ ಉಳಿದ ಜಾಲದೊಂದಿಗೆ ಒಂದೇ ತಾಳದಲ್ಲಿ ಬೆಸೆದುಕೊಂಡಿರದಿದ್ದುದು ಇದಕ್ಕೆ ಕಾರಣ. ಆ ಬೆಸುಗೆ ಆದದ್ದು 2013ರ ಡಿಸೆಂಬರ್ 31ರಂದು, ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ 765 ಕಿಲೋವೋಲ್ಟ್ ಮಾರ್ಗದ ಮೂಲಕ. ಅಂದಿನಿಂದ ದಕ್ಷಿಣಕ್ಕೆ ಕೊರತೆಯ ಹೊತ್ತಿನಲ್ಲಿ ಉತ್ತರದ ವಿದ್ಯುತ್ತು ಸಿಗುತ್ತದೆ, ಉತ್ತರದ ತಳಮಳವೂ ನಮ್ಮನ್ನು ತಟ್ಟಬಹುದು.

ಇಂಥ ಕುಸಿತಗಳಿಗೆ ಕಾರಣ ಯಾವಾಗಲೂ ದೊಡ್ಡದೇ ಆಗಿರಬೇಕಿಲ್ಲ. 2003ರ ಆಗಸ್ಟ್ 28ರ ಸಂಜೆ ದಕ್ಷಿಣ ಲಂಡನ್ನಿನಲ್ಲಿ ವಿದ್ಯುತ್ ಹೋಗಿ ಭೂಗತ ರೈಲುಗಳು ನಿಂತದ್ದಕ್ಕೆ ಮೂಲ, 5 ಆಂಪಿಯರ್‌ನ ರಕ್ಷಣಾ ರಿಲೇ (ದೋಷ ಗುರುತಿಸಿ ಬ್ರೇಕರ್ ತೆರೆಸುವ ಸಾಧನ) ಇರಬೇಕಾದ ಕಡೆ 1 ಆಂಪಿಯರ್‌ನದನ್ನು ಕೂರಿಸಿದ್ದು. ಬೇರೆ ಉಪಕರಣವೊಂದನ್ನು ಬಿಡಿಸಿದಾಗ ಹೊರೆ ಇತ್ತ ಸರಿಯಿತು, ರಿಲೇ ಅದನ್ನು ದೋಷವೆಂದು ತಿಳಿದು ಲೈನ್ ಕಡಿದುಹಾಕಿತು. ಲಂಡನ್ ಭೂಗತ ರೈಲಿಗೆ ಸ್ವಂತ ವಿದ್ಯುತ್ ಕೊಡುತ್ತಿದ್ದ ಲಾಟ್ಸ್ ರೋಡ್ ಸ್ಥಾವರವನ್ನು ಅದರ ಹಿಂದಿನ ವರ್ಷವಷ್ಟೇ ಮುಚ್ಚಿದ್ದರು. ಅದೇ ತಿಂಗಳ 14ರಂದು ನ್ಯೂಯಾರ್ಕಿನಲ್ಲಿ ಸುಮಾರು ನಾಲ್ಕು ಲಕ್ಷ ಜನ ಸಬ್‌ವೇ ರೈಲುಗಳಲ್ಲಿ ಸಿಕ್ಕಿಕೊಂಡಿದ್ದರು. ಮುಂಬೈಯಲ್ಲಿ 2020ರ ಅಕ್ಟೋಬರ್ 12ರ ಬೆಳಿಗ್ಗೆ 10ರ ಹೊತ್ತಿಗೆ ನಗರದ ವಿದ್ಯುತ್ ಹೋದಾಗ, ಗ್ರಿಡ್‌ನಿಂದ ಬೇರ್ಪಟ್ಟು ತನ್ನ ಸ್ಥಾವರಗಳಿಂದಲೇ ಬದುಕುವ ದ್ವೀಪ ವ್ಯವಸ್ಥೆ ಎಂದು ಹೆಸರಾಗಿದ್ದ ಏರ್ಪಾಟು ಆ ದಿನ ಕೈಹಿಡಿಯಲಿಲ್ಲ, ಲೋಕಲ್‌ಗಳು ನಿಂತವು.

ಹೀಗಾದಾಗ ನಿರೀಕ್ಷಿಸಬೇಕಾದ್ದು ತೆರವು. ಬ್ಯಾಟರಿಯ ಒಂದು ಗಂಟೆಯ ಆಯಸ್ಸು ಮುಗಿಯುವ ತನಕ ಕಾಯದೆ, ಸಿಬ್ಬಂದಿ ಬಂದು, ವಿದ್ಯುತ್ ತೆಗೆದು ಭೂಸಂಪರ್ಕ ಮಾಡಿದ (ಮೂರನೇ ಹಳಿಯನ್ನು ನೆಲಕ್ಕೆ ಜೋಡಿಸಿದ) ಮೇಲೆ ತಾವು ತೋರಿಸಿದ ಬಾಗಿಲಿನಿಂದ, ತಾವು ಹೇಳಿದ ಬದಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ಊರೆಲ್ಲ ಕತ್ತಲಾಗಿರುವುದರಿಂದ ಹಳಿಯಲ್ಲೂ ವಿದ್ಯುತ್ ಇರಲಾರದೆಂಬ ತರ್ಕ ಇಲ್ಲಿಯೇ ಅತ್ಯಂತ ಅಪಾಯಕಾರಿ, ಏಕೆಂದರೆ ಗ್ರಿಡ್ ಮರಳುವಾಗ ಆಸ್ಪತ್ರೆ, ರೈಲುಗಳಂಥ ಮುಖ್ಯ ಹೊರೆಗಳಿಗೆ ಮೊದಲ ಸರದಿ. ಹೊದಿಕೆಯ ಮೇಲೆ ಕಾಲಿಡಬೇಡಿ. ಅದು ಆಕಸ್ಮಿಕ ಸ್ಪರ್ಶ ತಡೆಯಲು ಇರುವುದೇ ಹೊರತು ಮನುಷ್ಯರ ತೂಕ ಹೊರಲು ಅಲ್ಲ. ಟೋಕಿಯೊದ ಮರುನೌಚಿ ಮಾರ್ಗದ 2000 ಸರಣಿಯ ರೈಲುಗಳಲ್ಲಿ ಲೈನ್ ಸತ್ತರೂ ಹತ್ತಿರದ ನಿಲ್ದಾಣಕ್ಕೆ ತೆವಳಿಕೊಂಡು ಹೋಗುವಷ್ಟು ಬ್ಯಾಟರಿ ಇಟ್ಟಿದ್ದಾರೆ. ಸುರಂಗದಲ್ಲಿ ನೂರಾರು ಜನರನ್ನು ಸಾಲಾಗಿ ನಡೆಸುವ ಕಷ್ಟ ಕಂಡವರು ಆ ಖರ್ಚನ್ನು ಹೆಚ್ಚೆನ್ನಲಾರರು.

ಕಿಡಿ, ಸುಟ್ಟ ವಾಸನೆ, ಹೊಗೆ

ಮಳೆ ನಿಂತ ಮುಂಜಾನೆ ರೈಲಿನ ಕೆಳಗೆ ನೀಲಿ ಕಿಡಿ ಮಿಂಚಿ ಮಾಯವಾದರೆ ಅದು ಶೂ ಒದ್ದೆ ಹಳಿಯನ್ನು ಬಿಟ್ಟು ಸೇರುವಾಗಿನ ಕಿಡಿ, ಚಿಂತಿಸಬೇಕಿಲ್ಲ. ರೈಲು ಹೋದ ಮೇಲೂ ಹಳಿಯ ಒಂದೇ ಜಾಗದಲ್ಲಿ ಕಿಡಿ ಅಥವಾ ಕೆಂಪು ಹೊಳಪು ಉಳಿದರೆ ಕೂಡಲೇ ಸಿಬ್ಬಂದಿಗೆ ಹೇಳಿ. ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿಗೆ ತಾನೇ ಆರಲು ಅವಕಾಶವಿದೆ. ನೇರ ವಿದ್ಯುತ್ತಿಗೆ ಆ ಬಿಡುವಿಲ್ಲ, ಒಮ್ಮೆ ಹತ್ತಿದ ಕಿಡಿ ಲೋಹವನ್ನೇ ಕರಗಿಸುತ್ತ ಉರಿಯುತ್ತದೆ.

ವಾಸನೆಯಲ್ಲೂ ಭೇದವಿದೆ. ಜೋರಾಗಿ ಬ್ರೇಕ್ ಹಾಕಿದ ಮೇಲೆ ಬರುವ ಕಾದ ಕಬ್ಬಿಣದಂಥ ವಾಸನೆ ರೈಲು ಮುಂದೆ ಸಾಗಿದಂತೆ ಹೋಗಿಬಿಡುತ್ತದೆ. ಪ್ಲಾಸ್ಟಿಕ್ ಅಥವಾ ರಬ್ಬರ್ ಸುಟ್ಟ, ಮೂಗಿಗೆ ಅಂಟಿಕೊಳ್ಳುವ ವಾಸನೆ ಕೇಬಲ್‌ನದು. ಅದು ಹೆಚ್ಚುತ್ತಾ ಹೋದರೆ ಇನ್ನು ಯಾವ ಪರೀಕ್ಷೆಯನ್ನೂ ಮಾಡುತ್ತ ಕೂರಬಾರದು. ತುರ್ತು ಗುಂಡಿ ಒತ್ತಿ ಬೋಗಿಯ ಸಂಖ್ಯೆ ಹೇಳಿ, ಜನರನ್ನು ಪಕ್ಕದ ಬೋಗಿಗೆ ಕಳಿಸಿ. ಒಮ್ಮೆ ಚೀಲಗಳನ್ನೂ ನೋಡಿ, ಬಿಸಿಯಾದ ಪವರ್ ಬ್ಯಾಂಕ್ ಕೂಡ ಇದೇ ವಾಸನೆ ಕೊಡುತ್ತದೆ. ಬೋಗಿಯ ಅಗ್ನಿಶಾಮಕ ಸಾಧನವನ್ನು ಬೋಗಿಯೊಳಗಿನ ಸಣ್ಣ ಬೆಂಕಿಗೆ ಬಳಸಬಹುದು, ನೀರನ್ನು ಮಾತ್ರ ಎಲ್ಲಿಯೂ ಎರಚಬೇಡಿ. ರೈಲು ಓಡಬಲ್ಲದಾದರೆ ಅದನ್ನು ಮುಂದಿನ ನಿಲ್ದಾಣಕ್ಕೆ ಒಯ್ಯುವುದೇ ಎಲ್ಲೆಡೆಯ ಕ್ರಮ, ಸುರಂಗಕ್ಕಿಂತ ಪ್ಲಾಟ್‌ಫಾರ್ಮ್‌ನಲ್ಲಿ ಇಳಿಯುವುದು ಸಾವಿರ ಪಾಲು ಮೇಲು. ಹೊಗೆ ಕಂಡು ಗಾಬರಿಯಿಂದ ನಡುದಾರಿಯಲ್ಲಿ ಬಾಗಿಲಿನ ಹಿಡಿ ಎಳೆದರೆ ರೈಲು ಅಲ್ಲೇ ಕಾಲೂರಿಬಿಡುವ ಸಾಧ್ಯತೆ ಇದೆ.

ದೀಪ, ಎಸಿ ಮರಳಿವೆ, ಆದರೂ ರೈಲು ಹೊರಡುತ್ತಿಲ್ಲ

ಇದೇ ಹೊತ್ತಿನಲ್ಲಿ ಜನರ ತಾಳ್ಮೆ ಕೆಡುತ್ತದೆ, ಆದರೆ ವಿಳಂಬಕ್ಕೆ ಕಾರಣವಿರುತ್ತದೆ. ನಿಂತ ರೈಲುಗಳೆಲ್ಲ ಒಮ್ಮೆಗೇ ಎಸಿ, ಕಂಪ್ರೆಸರ್, ಮೋಟಾರುಗಳನ್ನು ಶುರುಮಾಡಿದರೆ ಆಗತಾನೆ ಮುಚ್ಚಿಕೊಂಡ ಬ್ರೇಕರ್ ಮತ್ತೆ ತೆರೆದುಕೊಳ್ಳುತ್ತದೆ. ಆದ್ದರಿಂದ ನಿಯಂತ್ರಣ ಕೇಂದ್ರ ಒಂದೊಂದಕ್ಕೇ ಅನುಮತಿ ಕೊಡುತ್ತದೆ. ಸಿಗ್ನಲ್ ಕಂಪ್ಯೂಟರ್‌ಗಳು ಪ್ರತಿ ರೈಲಿನ ಸ್ಥಾನವನ್ನು ಮತ್ತೆ ಖಚಿತಪಡಿಸಿಕೊಳ್ಳಬೇಕು, ಮೊದಲ ರೈಲು ಹಳಿಯನ್ನು ನೋಡಿಕೊಂಡು ಕಡಿಮೆ ವೇಗದಲ್ಲಿ ಹೋಗಬೇಕು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಜನ ಹಳಿಗೆ ಇಳಿದಿದ್ದ ಕಡೆ. ಇಳಿದವರೆಲ್ಲ ಹೊರಬಂದಿದ್ದಾರೆ, ಹಳಿಯ ಮೇಲೆ ಹೋಗಿದ್ದ ಸಿಬ್ಬಂದಿ ವಾಪಸಾಗಿದ್ದಾರೆ, ಭೂಸಂಪರ್ಕದ ಕೊಂಡಿಗಳನ್ನು ಬಿಚ್ಚಿದ್ದಾರೆ ಎಂದು ಆಯಾ ನಿಲ್ದಾಣದಿಂದ ಒಪ್ಪಿಗೆ ಬರುವವರೆಗೆ ಆ ಭಾಗಕ್ಕೆ ಮತ್ತೆ ವಿದ್ಯುತ್ ಕೊಡುವಂತಿಲ್ಲ. ಸಿಬ್ಬಂದಿಗೆ ಕಾಯದೆ ತಾವಾಗಿ ಇಳಿದು ನಡೆದುಹೋದವರು ಒಬ್ಬರೇ ಆಗಿದ್ದರೂ ಅವರು ಎಲ್ಲಿ ಹೊರಬಂದರೆಂದು ತಿಳಿಯುವ ತನಕ ಇಡೀ ಭಾಗವನ್ನು ಟಾರ್ಚ್ ಹಿಡಿದು ಹುಡುಕಬೇಕಾಗುತ್ತದೆ. ಆದ್ದರಿಂದ ಹಾಗೆ ಯಾರಾದರೂ ಇಳಿದುದನ್ನು ಕಂಡವರು ಯಾವ ಬಾಗಿಲಿನಿಂದ, ಯಾವ ದಿಕ್ಕಿಗೆ ಹೋದರೆಂಬುದನ್ನು ತುರ್ತು ಗುಂಡಿಯ ಮೂಲಕ ತಕ್ಷಣ ತಿಳಿಸಬೇಕು.